ಮಾಲೀಕ ನೀವೇ, ಹಿಡಿತ ಯಾರದ್ದು?

ನನ್ನ ಸ್ಕೂಟರ್ ಸಾಲ ತೀರಿ ಎರಡು ವರ್ಷವಾಗಿತ್ತು. ಮಾರೋಣ ಅಂತ ಹೊರಟಾಗ ನೋಡಿದರೆ ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರೇ ಕೂತಿದೆ. ಸಾಲ ಮುಗಿದಾಗ ಕೊಟ್ಟ ಎನ್‌ಒಸಿ ಎಲ್ಲೋ ಕಳೆದುಹೋಗಿತ್ತು. ಮತ್ತೆ ಬ್ಯಾಂಕಿಗೆ ಅರ್ಜಿ, 35ನೇ ನಂಬರ್ ಫಾರಂ, ಆರ್‌ಟಿಒ ಕಚೇರಿಗೆ ಓಡಾಟ. ಕೊಳ್ಳಲು ಬಂದವರು ಅಷ್ಟು ದಿನ ಕಾಯಲಿಲ್ಲ, ಬೇರೆ ಗಾಡಿ ನೋಡಿಕೊಂಡರು. ಒಂದು ಪೈಸೆ ಬಾಕಿ ಇಲ್ಲ, ಆದರೂ ಕಾಗದದ ಪ್ರಕಾರ ಗಾಡಿ ಮೇಲೆ ಬೇರೆಯವರ ಹಕ್ಕು.

ಇದರ ಉಲ್ಟಾ ಕಥೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯದು. ಅಲ್ಲಿ ಸಾಲ ತೀರಿರಲಿಲ್ಲ. 150 ಕೋಟಿ ಡಾಲರ್ ಬಾಕಿ ಹಾಗೇ ಇತ್ತು. ಅಡವಿನ ನಮೂದು ಮಾತ್ರ ದಾಖಲೆಯಿಂದ ಮಾಯವಾಗಿತ್ತು. ಯಾರೂ ಕದ್ದು ತೆಗೆಸಿದ್ದಲ್ಲ, ಸಾಲ ಕೊಟ್ಟವರ ಒಪ್ಪಿಗೆಯಿಂದಲೇ ಹೋಗಿತ್ತು. ಅದೂ ಅವರಿಗೆ ಗೊತ್ತೇ ಇಲ್ಲದ ಹಾಗೆ.

ಆ ಕಥೆಗೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ಗೊಂದಲ ಬಗೆಹರಿಸೋಣ. ನಮ್ಮಲ್ಲಿ ಯುಸಿಸಿ ಅಂದರೆ ಮದುವೆ, ವಿಚ್ಛೇದನ, ಆಸ್ತಿ ಪಾಲಿನ ಏಕರೂಪ ನಾಗರಿಕ ಸಂಹಿತೆ. ಟಿವಿ ಚರ್ಚೆಯಲ್ಲಿ ಜಗಳ ಆಗೋದು ಅದರ ಮೇಲೆ. ಅಮೆರಿಕದ ವಕೀಲರ ಬಾಯಲ್ಲಿ ಯುಸಿಸಿ ಅಂದರೆ ಯೂನಿಫಾರ್ಮ್ ಕಮರ್ಷಿಯಲ್ ಕೋಡ್. ಸರಕು ಮಾರಾಟ, ಚೆಕ್ಕು, ಷೇರು, ಅಡವು ಸಾಲ, ಇವುಗಳ ಕಾನೂನು. ಎಪ್ಪತ್ತು ವರ್ಷ ಅದರ ಬಗ್ಗೆ ಯಾರೂ ಜಗಳ ಆಡಿರಲಿಲ್ಲ. ಈಗ ಕೆಲವು ವರ್ಷಗಳಿಂದ ಅಲ್ಲೂ ಶುರುವಾಗಿದೆ.

ನಮ್ಮಲ್ಲಿ ಬೆಳಗಾವಿಯ ವ್ಯಾಪಾರಿ ಕೊಲ್ಹಾಪುರದವನ ಜೊತೆ ಕರಾರು ಮಾಡಿಕೊಂಡರೆ ಇಬ್ಬರಿಗೂ 1872ರ ಕರಾರು ಕಾಯ್ದೆಯೇ. ಅಮೆರಿಕದಲ್ಲಿ ಹಾಗಲ್ಲ. ಕರಾರು, ಮಾರಾಟ, ಅಡವು, ಇವೆಲ್ಲ ರಾಜ್ಯಗಳ ಕೈಯಲ್ಲಿವೆ. ಷೇರು ಮಾರುವ ಕಂಪನಿ ಜನರಿಗೆ ಏನೇನು ತಿಳಿಸಬೇಕು, ಮೋಸ ಮಾಡಿದರೆ ಏನು ಶಿಕ್ಷೆ ಅನ್ನುವುದಕ್ಕೆ 1933 ಮತ್ತು 1934ರ ಕೇಂದ್ರ ಕಾಯ್ದೆಗಳಿವೆ. ಆದರೆ ಆ ಷೇರು ಯಾರದ್ದು, ಕೈ ಬದಲಾಯಿಸುವುದು ಹೇಗೆ, ಅಡವಿಟ್ಟರೆ ಮೊದಲ ಹಕ್ಕು ಯಾರಿಗೆ ಅನ್ನೋದು ರಾಜ್ಯದ ಕಾನೂನು. 50 ರಾಜ್ಯ 50 ದಾರಿ ಹಿಡಿದರೆ ವ್ಯಾಪಾರ ನಡೆಯೋದು ಹೇಗೆ? ಅದಕ್ಕೇ ತಜ್ಞರ ಎರಡು ಸಂಸ್ಥೆಗಳು ಸೇರಿ ಒಂದು ಮಾದರಿ ಬರೆದುಕೊಡುತ್ತವೆ, ಪ್ರತಿ ರಾಜ್ಯವೂ ತನ್ನ ಶಾಸನಸಭೆಯಲ್ಲಿ ಪಾಸು ಮಾಡಿಕೊಳ್ಳುತ್ತದೆ. ಮೊದಲ ಮಾದರಿ ಬಂದದ್ದು 1952ರಲ್ಲಿ. ಮುಂದಿನ ವರ್ಷ ಪೆನ್ಸಿಲ್ವೇನಿಯ ಮೊದಲು ಒಪ್ಪಿಕೊಂಡಿತು. ಫ್ರೆಂಚ್ ಕಾನೂನಿನ ಪರಂಪರೆಯ ಲೂಯಿಸಿಯಾನ ಮಾತ್ರ ಮಾರಾಟದ ಅಧ್ಯಾಯವನ್ನು ಇವತ್ತಿಗೂ ಮುಟ್ಟಿಲ್ಲ.

ಈ ಕಾನೂನಿನ ಒಳಗೆ ಒಂದೇ ಒಂದು ಎಳೆ ಹಿಡಿದು ಹೋಗುತ್ತೇನೆ. ಎಲ್ಲ ಚೆನ್ನಾಗಿರುವಾಗ ಮಾಲೀಕ ಯಾರು ಅಂತ ಯಾರೂ ಕೇಳುವುದಿಲ್ಲ. ದಿವಾಳಿಯಾದ ದಿನ ಎಲ್ಲರೂ ಕೇಳುತ್ತಾರೆ. ಆ ದಿನ ಕಾನೂನು ನೋಡುವುದು ಮಾಲೀಕತ್ವಕ್ಕಿಂತ ಹೆಚ್ಚಾಗಿ ಹಿಡಿತವನ್ನು. ನಮೂದು ಯಾರ ಹೆಸರಲ್ಲಿದೆ, ಕೀಲಿಕೈ ಯಾರ ಹತ್ತಿರ ಇದೆ, ಅಷ್ಟೇ.

ಮೂರನೆಯ ಸಾಲು

2008ರ ಅಕ್ಟೋಬರ್. ಜನರಲ್ ಮೋಟಾರ್ಸ್ ಹಳೆಯ ಲೀಸ್ ವ್ಯವಹಾರವೊಂದನ್ನು ಚುಕ್ತಾ ಮಾಡಲು ಹೊರಟಿತ್ತು. ಸುಮಾರು 30 ಕೋಟಿ ಡಾಲರಿನದು. ಹಣ ಕಟ್ಟಿದ ಮೇಲೆ ಅದಕ್ಕೆ ಸಂಬಂಧಿಸಿದ ಅಡವಿನ ನಮೂದುಗಳನ್ನು ತೆಗೆಸಬೇಕಲ್ಲ? ಕಂಪನಿಯ ವಕೀಲರ ಕಚೇರಿಯಲ್ಲಿ ಹಿರಿಯರು ಕಿರಿಯರಿಗೆ ಹೇಳಿದರು, ಕಿರಿಯರು ಸಹಾಯಕರಿಗೆ ಹೇಳಿದರು: ಕಂಪನಿ ಹೆಸರಿನ ಮೇಲೆ ಏನೇನು ಫೈಲ್ ಆಗಿದೆ, ಹುಡುಕಿ. ಹುಡುಕಿದ್ದು ಡೆಲವೇರ್ ರಾಜ್ಯದ ದಾಖಲೆಯಲ್ಲಿ. ಕಂಪನಿ ಇರುವುದು ಡೆಟ್ರಾಯಿಟ್‌ನಲ್ಲಾದರೂ ನೋಂದಣಿಯಾದದ್ದು ಡೆಲವೇರ್‌ನಲ್ಲಿ, ಹಾಗಾಗಿ ನಮೂದೂ ಅಲ್ಲೇ.

ಮೂರು ನಮೂದು ಸಿಕ್ಕವು. ಎರಡು ಆ ಲೀಸ್‌ನದ್ದು. ಮೂರನೆಯದು ಬೇರೆಯೇ ಸಾಲದ್ದು, ಜೆಪಿ ಮಾರ್ಗನ್ ಬ್ಯಾಂಕ್ ಮುಂದಾಳಾಗಿ ಹಲವರು ಸೇರಿ ಕೊಟ್ಟ 150 ಕೋಟಿ ಡಾಲರಿನ ಸಾಲ. ಹಲವು ಕಾರ್ಖಾನೆಗಳ ಯಂತ್ರಗಳೇ ಅದಕ್ಕೆ ಅಡವು. ಲೀಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಮೂರೂ ತೆಗೆಸುವ ಪಟ್ಟಿಗೆ ಸೇರಿಕೊಂಡವು. ಕರಡು ಬ್ಯಾಂಕಿನ ಕಡೆ ಹೋಯಿತು. ಬ್ಯಾಂಕಿನವರು ನೋಡಿದರು, ಅವರ ವಕೀಲರೂ ನೋಡಿದರು. ಕಾಗದಪತ್ರ ಚೆನ್ನಾಗಿ ಮಾಡಿದ್ದೀರಿ ಅಂತ ಮೆಚ್ಚಿ, ಒಂದೆರಡು ಪದ ತಿದ್ದುವಂತೆ ಹೇಳಿ ಉತ್ತರ ಬರೆದರು. ಅಕ್ಟೋಬರ್ 30ರಂದು ಫೈಲ್ ಆಯಿತು.

ಏಳು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. 2009ರ ಜೂನ್ 1ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗ ಬೆಳಕಿಗೆ ಬಂತು. ಅಡವೇ ಇಲ್ಲದೆ ಕಂಪನಿಗೆ ಸಾಲ ಕೊಟ್ಟಿದ್ದ ಉಳಿದವರು ಇದನ್ನು ಹಿಡಿದುಕೊಂಡರು. ನಮೂದು ಹೋಗಿದೆ ಅಂದಮೇಲೆ ಬ್ಯಾಂಕಿನವರೂ ನಮ್ಮ ಸಾಲಿನಲ್ಲೇ ನಿಲ್ಲಲಿ ಅಂದರು. ನಾವು ಆ ಸಾಲದ ಅಡವು ಬಿಡಬೇಕು ಅಂತ ಅಂದುಕೊಂಡೇ ಇರಲಿಲ್ಲ ಅನ್ನೋದು ಬ್ಯಾಂಕಿನ ವಾದ. ಅದು ನಿಜವೂ ಹೌದು, ಯಾರೂ ಅಲ್ಲಗಳೆಯಲಿಲ್ಲ. ದಿವಾಳಿ ನ್ಯಾಯಾಲಯ ಮೊದಲು ಅದನ್ನು ಒಪ್ಪಿತು ಕೂಡ. ಆದರೆ ಪ್ರಶ್ನೆ ಡೆಲವೇರ್ ಸುಪ್ರೀಂ ಕೋರ್ಟಿಗೆ ಹೋದಾಗ, 2014ರಲ್ಲಿ, ಅದು ಹೇಳಿದ್ದು ಇಷ್ಟು: ಈ ಕಾಗದ ಫೈಲ್ ಮಾಡಲು ಒಪ್ಪಿಗೆ ಕೊಟ್ಟಿದ್ದೀರೋ ಇಲ್ಲವೋ? ಕೊಟ್ಟಿದ್ದರೆ ಮುಗಿಯಿತು. ಅದರಿಂದ ಏನಾಗುತ್ತದೆ ಅಂತ ನಿಮಗೆ ಗೊತ್ತಿರಬೇಕಾಗಿಲ್ಲ. 2015ರ ಜನವರಿಯಲ್ಲಿ ಕೇಂದ್ರದ ಮೇಲ್ಮನವಿ ಕೋರ್ಟೂ ಅದನ್ನೇ ಹೇಳಿತು. ಕಾರ್ಖಾನೆಗಳ ಊರುಗಳಲ್ಲಿ ಬೇರೆಯಾಗಿ ದಾಖಲಾಗಿದ್ದ ಕೆಲವು ಅಡವುಗಳು ಉಳಿದುಕೊಂಡವು. ಆಮೇಲೆ ಯಾವ ಯಂತ್ರ ನೆಲಕ್ಕೆ ಅಂಟಿಕೊಂಡದ್ದು, ಯಾವುದು ಬಿಚ್ಚಿ ಒಯ್ಯುವಂಥದ್ದು ಅಂತ ವರ್ಷಗಟ್ಟಲೆ ವಾದ ನಡೆಯಿತು.

ಕ್ರೂರ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಪಹಣಿ ನೋಡಿ ಜಮೀನು ಕೊಳ್ಳುವವರ ಜಾಗದಲ್ಲಿ ನಿಂತು ಯೋಚಿಸಿ. ಪಹಣಿಯಲ್ಲಿ ಬೋಜಾ ಇಲ್ಲ, ಇಸಿ ಕ್ಲಿಯರ್ ಇದೆ. ಆಮೇಲೆ ಯಾರೋ ಬಂದು, ಬೋಜಾ ತಪ್ಪಿ ತೆಗೆಸಿಬಿಟ್ಟೆವು, ನಮ್ಮ ಮನಸ್ಸಲ್ಲಿ ಹಾಗಿರಲಿಲ್ಲ ಅಂದರೆ? ದಾಖಲೆ ನಂಬಿ ವ್ಯವಹಾರ ಮಾಡುವವರು ಪಕ್ಕದವರ ಮನಸ್ಸಿನೊಳಗೆ ಇಣುಕಿ ನೋಡಲು ಆಗುತ್ತದಾ? ಆ ಮಟ್ಟಿಗೆ ಕೋರ್ಟ್ ಹೇಳಿದ್ದು ಸರಿ. ಬ್ಯಾಂಕಿನವರು ಸಹಿಗೆ ಮುಂಚೆ ಮೂರನೆಯ ಸಾಲು ಓದಬೇಕಿತ್ತು.

ಹೆಸರಿನ ವಿಚಾರದಲ್ಲೂ ಇದೇ ಬಿಗಿ. ಕ್ಯಾನ್ಸಸ್‌ನ ಒಬ್ಬ ರೈತರಿಗೆ ಜಾನ್ ಡೀರ್ ಕಂಪನಿ ಕೃಷಿ ಯಂತ್ರ ಸಾಲಕ್ಕೆ ಕೊಟ್ಟಿತ್ತು. ನಮೂದಿನಲ್ಲಿ ಟೆರ್ರಿ ಅಂತ ಬರೆಸಿತು. ಊರಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೇ. ಆದರೆ ಕಾಗದದ ಮೇಲಿನ ಹೆಸರು ಟೆರನ್ಸ್. ಸರಿಯಾದ ಹೆಸರಿನಲ್ಲಿ ಹುಡುಕಿದವರಿಗೆ ಆ ನಮೂದು ಸಿಗುತ್ತಿರಲಿಲ್ಲ. 2004ರಲ್ಲಿ ತೀರ್ಪು ಬಂತು, ಕಂಪನಿಯ ಅಡವು ಬಿದ್ದುಹೋಯಿತು. ಈ ತಲೆನೋವು ಹೋಗಲಿ ಅಂತ 2010ರಲ್ಲಿ ಮಾದರಿ ತಿದ್ದಿದರು. ಈಗ ಹೆಚ್ಚಿನ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸಿನಲ್ಲಿ ಏನಿದೆಯೋ ಅದೇ ಹೆಸರು. ನಮ್ಮವರದ್ದು ಇಲ್ಲಿ ಮಜವಾದ ಕಥೆ. ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ಸ್ವಂತ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದು ಖಾನೆ ಖಾಲಿ ಬಿಟ್ಟು ಹೋದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ಎಫ್‌ಎನ್‌ಯು ಅಂತ ಅಚ್ಚಾಗುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅದೇ ಲೈಸೆನ್ಸಿಗೂ ಬಂದು ಕೂತರೆ, ನಿಮ್ಮ ಅಂಗಡಿಯ ಫ್ರಿಜ್ ಮೇಲೆ ಸಾಲ ಕೊಟ್ಟವರು ಎಫ್‌ಎನ್‌ಯು ಅಂತಲೇ ಬರೆಸಿಕೊಳ್ಳಬೇಕು. ಮರ್ಯಾದೆಯಿಂದ ಮಂಜುನಾಥ್ ಅಂತ ಬರೆಸಿದರೆ ಅಡವು ಹೋಗುವ ಭಯ.

ಅಡವು ಇಲ್ಲದವರಿಗೆ ಏನಿದೆ? ಕರಾರು ಇದೆ. ಮಾತು ತಪ್ಪಿದರೆ ಸಾಮಾನ್ಯವಾಗಿ ಸಿಗುವುದು ನಷ್ಟ ಪರಿಹಾರ, ಅಂದರೆ ದುಡ್ಡು. ಮಾತನ್ನೇ ನಡೆಸಿಕೊಡಿ ಅಂತ ಕೋರ್ಟ್ ಹೇಳುವುದು ಅಪರೂಪ. 2022ರಲ್ಲಿ ಇಲಾನ್ ಮಸ್ಕ್ ಷೇರಿಗೆ 54.20 ಡಾಲರಿನಂತೆ ಟ್ವಿಟರ್ ಕೊಳ್ಳುತ್ತೇನೆ ಅಂತ ಸಹಿ ಹಾಕಿದರು, ಒಟ್ಟು 4,400 ಕೋಟಿ ಡಾಲರ್. ಜುಲೈನಲ್ಲಿ ಬೇಡ ಅಂದರು. ಟ್ವಿಟರ್ ಡೆಲವೇರ್ ಕೋರ್ಟಿಗೆ ಹೋಗಿ ಕೇಳಿದ್ದು ಪರಿಹಾರ ಅಲ್ಲ, ಕೊಂಡುಕೊಳ್ಳಲಿ ಅಂತ. ವಿಚಾರಣೆಗೆ ಅಕ್ಟೋಬರ್ 17 ಗೊತ್ತಾಯಿತು. ವಿಚಾರಣೆಯೇ ನಡೆಯಲಿಲ್ಲ, ಅದಕ್ಕೆ ಮುಂಚೆಯೇ ಮಸ್ಕ್ ಒಪ್ಪಿಕೊಂಡರು. ಅಕ್ಟೋಬರ್ 27ಕ್ಕೆ ಕಂಪನಿ ಅವರದ್ದಾಯಿತು.

ಜನರಿಗೆ ನೆನಪಿರುವುದು ಇಷ್ಟೇ. ನನಗೆ ರುಚಿಸುವುದು ಅದರ ಬಾಲ. ಮಸ್ಕ್ ಕೊಳ್ಳದೇ ಹೋಗಿದ್ದರೆ ನಷ್ಟ ಆಗುತ್ತಿದ್ದದ್ದು ಷೇರುದಾರರಿಗೆ, ಕೈಗೆ ಬರಬೇಕಿದ್ದ ಹೆಚ್ಚುವರಿ ಬೆಲೆ ತಪ್ಪುತ್ತಿತ್ತು. ಆದರೆ ಕರಾರಿಗೆ ಸಹಿ ಹಾಕಿದ್ದು ಕಂಪನಿ. ಆ ನಷ್ಟವನ್ನು ಕಂಪನಿ ವಸೂಲಿ ಮಾಡಬಹುದಾ? 2023ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟ್ ಒಂದು ಉಪಪ್ರಕರಣದಲ್ಲಿ ಇಲ್ಲ ಅಂದಿತು. ಕಂಪನಿಗೆ ಆಗದ ನಷ್ಟವನ್ನು ಕಂಪನಿ ಕೇಳುವಂತಿಲ್ಲ. ನಷ್ಟ ಒಬ್ಬರದ್ದು, ಮೊಕದ್ದಮೆಯ ಹಿಡಿತ ಇನ್ನೊಬ್ಬರದ್ದು. ದೊಡ್ಡ ದೊಡ್ಡ ಕರಾರುಗಳಲ್ಲಿ ಹಾಕಿಕೊಳ್ಳುತ್ತಿದ್ದ ಷರತ್ತೇ ಅಲ್ಲಾಡಿಹೋಯಿತು. ಡೆಲವೇರ್ ಶಾಸನಸಭೆ ತಡಮಾಡಲಿಲ್ಲ. ಕರಾರಿನಲ್ಲಿ ಬರೆದುಕೊಂಡಿದ್ದರೆ ಕಂಪನಿ ಕೇಳಬಹುದು ಅಂತ ಕಾನೂನೇ ತಿದ್ದಿತು. 2024ರ ಆಗಸ್ಟ್ 1ರಿಂದ ಜಾರಿ. ಒಂಬತ್ತೇ ತಿಂಗಳು. ಕಂಪನಿಗಳ ನೋಂದಣಿಯಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಪುಟ್ಟ ರಾಜ್ಯ ಅದು, ಗಿರಾಕಿ ಮುಖ ಸಣ್ಣದಾದರೆ ಸಹಿಸುವುದಿಲ್ಲ.

ಬಿಟ್‌ಕಾಯಿನ್‌ಗೆ ಹಿಡಿತ ಅಂದರೆ ಏನು?

ಚಿನ್ನ ಅಡವಿಟ್ಟರೆ ಬ್ಯಾಂಕಿನವರು ಲಾಕರಿನಲ್ಲಿ ಇಟ್ಟುಕೊಳ್ಳುತ್ತಾರೆ. ಹಿಡಿತ ಕಣ್ಣಿಗೆ ಕಾಣುತ್ತದೆ. ಬಿಟ್‌ಕಾಯಿನ್ ಅಡವಿಟ್ಟರೆ? ಹಳೆಯ ಯುಸಿಸಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಕೈಗೆ ಸಿಗದ ಇತರೆ ಆಸ್ತಿ ಅನ್ನುವ ಗುಡಾಣಕ್ಕೆ ಅದನ್ನೂ ತುಂಬುತ್ತಿದ್ದರು. ಅದರಲ್ಲಿ ಒಂದು ಅಪಾಯ ಇತ್ತು. ಅಂಗಡಿಯವನೊಬ್ಬ ತನ್ನ ಸಕಲ ಆಸ್ತಿಯನ್ನೂ ಬ್ಯಾಂಕಿಗೆ ಅಡವಿಟ್ಟಿದ್ದಾನೆ ಅನ್ನಿ. ಅವನಿಂದ ನೀವು ಬಿಟ್‌ಕಾಯಿನ್ ಕೊಂಡರೆ ಬ್ಯಾಂಕಿನ ಹಕ್ಕೂ ಅದರ ಹಿಂದೆಯೇ ನಿಮ್ಮ ಮನೆಗೆ ಬರುತ್ತದೆ. ನೋಟಿಗೆ ಹೀಗಾಗುವುದಿಲ್ಲ. ಕಿರಾಣಿ ಅಂಗಡಿಯವರು ತೆಗೆದುಕೊಂಡ 500ರ ನೋಟು ಯಾವ ಬ್ಯಾಂಕಿಗೆ ಅಡವಾಗಿತ್ತು ಅಂತ ಯಾರೂ ಕೇಳಲ್ಲ.

ಇದನ್ನು ಸರಿಮಾಡಲು 2022ರಲ್ಲಿ ಮಾದರಿಗೆ 12ನೇ ಅಧ್ಯಾಯ ಸೇರಿಸಿದರು. ಅದರ ತಿರುಳು ಮತ್ತೆ ಹಿಡಿತವೇ. ಆ ಡಿಜಿಟಲ್ ದಾಖಲೆಯ ಲಾಭ ಪಡೆಯುವ ಶಕ್ತಿ, ಬೇರೆಯವರನ್ನು ತಡೆಯುವ ಶಕ್ತಿ, ಇನ್ನೊಬ್ಬರಿಗೆ ವರ್ಗಾಯಿಸುವ ಶಕ್ತಿ, ಇಷ್ಟೂ ಯಾರ ಕೈಯಲ್ಲಿದೆಯೋ ಅವರಿಗೆ ಹಿಡಿತ. ಪ್ರಾಮಾಣಿಕವಾಗಿ, ಹಣ ಕೊಟ್ಟು, ಹಿಂದಿನ ತಕರಾರು ಗೊತ್ತಿಲ್ಲದೆ ಹಿಡಿತ ಪಡೆದವರ ಹತ್ತಿರ ಹಳೆಯ ಹಕ್ಕುದಾರರು ಬರುವಂತಿಲ್ಲ. ಸಾಲ ಕೊಟ್ಟವರಲ್ಲೂ ಸುಮ್ನೆ ನಮೂದು ಮಾಡಿಸಿದವರಿಗಿಂತ ಕೀಲಿ, ಅಂದರೆ ನಾಣ್ಯ ಸಾಗಿಸಲು ಬೇಕಾದ ಗುಪ್ತ ಸಂಖ್ಯೆ, ಹಿಡಿದವರು ಮುಂದೆ.

ಕೀಲಿ ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಸೆಲ್ಸಿಯಸ್ ಕಂಪನಿಯ ಗ್ರಾಹಕರನ್ನು ಕೇಳಬೇಕು. ಬಡ್ಡಿ ಸಿಗುತ್ತದೆ ಅಂತ ಸುಮಾರು 6 ಲಕ್ಷ ಖಾತೆಗಳಲ್ಲಿ ಜನ ಕ್ರಿಪ್ಟೊ ಇಟ್ಟಿದ್ದರು. 2022ರ ಜುಲೈನಲ್ಲಿ ಕಂಪನಿ ದಿವಾಳಿ. ಆ ಹೊತ್ತಿಗೆ ಆ ಖಾತೆಗಳಲ್ಲಿ ಇದ್ದದ್ದು ಸುಮಾರು 420 ಕೋಟಿ ಡಾಲರ್ ಮೌಲ್ಯದ್ದು. ನಮ್ಮ ನಾಣ್ಯ ನಮಗೆ ಕೊಡಿ ಅಂದರು. 2023ರ ಜನವರಿ 4ರಂದು ನ್ಯೂಯಾರ್ಕಿನ ದಿವಾಳಿ ನ್ಯಾಯಾಧೀಶ ಮಾರ್ಟಿನ್ ಗ್ಲೆನ್ ಹೇಳಿದರು, ಅದು ನಿಮ್ಮದಲ್ಲ, ಕಂಪನಿಯದು. ಯಾಕೆ? ಖಾತೆ ತೆರೆಯುವಾಗ ಒಪ್ಪಿಗೆ ಅಂತ ಒತ್ತಿದ ಷರತ್ತುಗಳಲ್ಲಿ ಸಕಲ ಹಕ್ಕೂ ಕಂಪನಿಗೆ ವರ್ಗ ಅಂತ ಇತ್ತು. ಅಷ್ಟು ಜನ ಒಂದೇ ಒತ್ತಿಗೆ ಮಾಲೀಕರ ಜಾಗ ಬಿಟ್ಟು, ಸಾಲ ವಸೂಲಿಗೆ ಕಾಯುವವರ ಸರದಿಯ ಕೊನೆಗೆ ಹೋಗಿ ನಿಂತರು.

ಇಷ್ಟೆಲ್ಲ ನೋಡಿದ ಮೇಲೆ ಹೊಸ ತಿದ್ದುಪಡಿಗೆ ಯಾರೂ ಅಡ್ಡ ಬರಲಿಕ್ಕಿಲ್ಲ ಅನ್ನಿಸುತ್ತದೆ. ಆದರೆ 2023ರ ಮಾರ್ಚ್‌ನಲ್ಲಿ ಸೌತ್ ಡಕೋಟದ ಆಗಿನ ಗವರ್ನರ್ ಕ್ರಿಸ್ಟಿ ನೋಮ್ ಅದನ್ನು ತಿರಸ್ಕರಿಸಿದರು. ನೂರಕ್ಕೂ ಹೆಚ್ಚು ಪುಟದ, ವಕೀಲರೂ ಆಕಳಿಸುವಂಥ ಮಸೂದೆ ಒಂದೇ ರಾತ್ರಿಯಲ್ಲಿ ಟಿವಿ ಸುದ್ದಿಯಾಯಿತು. ಇದು ಕೇಂದ್ರ ಸರ್ಕಾರದ ಡಿಜಿಟಲ್ ಡಾಲರಿಗೆ ಬಾಗಿಲು ತೆರೆಯುತ್ತದೆ, ಬಿಟ್‌ಕಾಯಿನ್‌ಗೆ ಬಾಗಿಲು ಹಾಕುತ್ತದೆ ಅನ್ನೋದು ಆರೋಪ. ಮೇ ತಿಂಗಳಲ್ಲಿ ಫ್ಲಾರಿಡಾದ ಗವರ್ನರ್ ರಾನ್ ಡಿಸ್ಯಾಂಟಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ರಾಜ್ಯದ ಯುಸಿಸಿಯಲ್ಲಿ ಕೇಂದ್ರೀಯ ಬ್ಯಾಂಕಿನ ಡಿಜಿಟಲ್ ಕರೆನ್ಸಿ ಹಣವೇ ಅಲ್ಲ ಅನ್ನುವ ಕಾನೂನಿಗೆ ಸಹಿ ಹಾಕಿದರು. (ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಡಿಸೆಂಬರ್ 1ರಂದು, ನಮ್ಮ ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಬಳಕೆಗೆ ಇ-ರೂಪಾಯಿ ಪ್ರಯೋಗ ಶುರುಮಾಡಿತ್ತು. ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಇಲ್ಲಿ ಯಾರೂ ಬೀದಿಗೆ ಇಳಿಯಲಿಲ್ಲ. ಯುಪಿಐ ಇರುವಾಗ ಇದೇಕೆ ಅಂತ ಕೇಳಿ ಸುಮ್ಮನಾದರು.)

ಆರೋಪದ ಹಿಂದಿನ ತಾಂತ್ರಿಕ ಸಂಗತಿ ಸ್ವಲ್ಪ ತಮಾಷೆಯದು. ಯುಸಿಸಿಯ ಹಳೆಯ ವ್ಯಾಖ್ಯೆಯ ಪ್ರಕಾರ ಯಾವುದಾದರೂ ಒಂದು ಸರ್ಕಾರ, ವಿದೇಶದ್ದಾದರೂ ಸರಿ, ಚಲಾವಣೆಗೆ ಒಪ್ಪಿದ್ದು ಹಣ. 2021ರ ಸೆಪ್ಟೆಂಬರ್‌ನಲ್ಲಿ ಎಲ್ ಸಾಲ್ವಡಾರ್ ದೇಶ ಬಿಟ್‌ಕಾಯಿನ್‌ಗೆ ಮಾನ್ಯತೆ ಕೊಟ್ಟಿತು. ಹಾಗಾದರೆ ಅಮೆರಿಕದ ಅಡವು ಕಾನೂನಿನಲ್ಲೂ ಅದು ಹಣವಾಯಿತಾ? ಹಣವಾದರೆ ಕಷ್ಟ, ಯಾಕೆಂದರೆ ಹಣವನ್ನು ಅಡವಾಗಿ ಭದ್ರಪಡಿಸಿಕೊಳ್ಳಲು ಒಂದೇ ದಾರಿ, ಕೈಯಲ್ಲಿ ಹಿಡಿದುಕೊಳ್ಳುವುದು. ಬಿಟ್‌ಕಾಯಿನ್ ಕೈಯಲ್ಲಿ ಹಿಡಿಯೋದು ಹೇಗೆ? ಈ ಇಕ್ಕಟ್ಟು ತಪ್ಪಿಸಲೆಂದೇ, ಸರ್ಕಾರ ಒಪ್ಪುವ ಮುಂಚೆಯೇ ಚಾಲ್ತಿಯಲ್ಲಿದ್ದ ಡಿಜಿಟಲ್ ನಾಣ್ಯವನ್ನು ಹಣದ ವ್ಯಾಖ್ಯೆಯಿಂದ ಹೊರಗಿಟ್ಟರು, 12ನೇ ಅಧ್ಯಾಯದಲ್ಲಿ ಅದಕ್ಕೆ ಬೇರೆ ಮನೆ ಕಟ್ಟಿಕೊಟ್ಟರು. ಬಿಟ್‌ಕಾಯಿನ್ ಅಡವಿಡಲು ಅನುಕೂಲವಾಗಲಿ ಅಂತ ಮಾಡಿದ್ದನ್ನೇ ಬಿಟ್‌ಕಾಯಿನ್ ವಿರೋಧಿ ಅಂತ ಓದಿದರು. ವ್ಯಾಖ್ಯೆ ಬರೆದವರ ತಪ್ಪೂ ಇಲ್ಲದಿಲ್ಲ. ಹಣ ಅನ್ನುವ ಪದವನ್ನು ಮುಟ್ಟಿದರೆ ಜನ ಬೆಚ್ಚುತ್ತಾರೆ ಅಂತ ಅವರಿಗೆ ತೋಚಬೇಕಿತ್ತು.

ಈಗ ಅರ್ಧಕ್ಕಿಂತ ಜಾಸ್ತಿ ರಾಜ್ಯಗಳು ತಿದ್ದುಪಡಿ ಒಪ್ಪಿವೆ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಡಿಜಿಟಲ್ ಡಾಲರ್ ಕೆಲಸವನ್ನೇ ನಿಲ್ಲಿಸಿ ಆದೇಶ ಹೊರಡಿಸಿದ ಮೇಲೆ ಆ ಗಲಾಟೆ ತಣ್ಣಗಾಯಿತು. ಆದರೆ ಯುಸಿಸಿ ಅನ್ನುವ ಮೂರಕ್ಷರದ ಮೇಲೆ ಜನರಿಗೆ ಬಂದ ಸಂಶಯ ಹೋಗಲಿಲ್ಲ. ಅದು ಷೇರಿನ ಕಡೆ ತಿರುಗಿತು.

ಗೋದಾಮಿನ ಅಡಿಕೆ

ಅಮೆರಿಕದಲ್ಲಿರುವ ನಿಮ್ಮ ತಂಗಿ ಆಪಲ್ ಕಂಪನಿಯ 10 ಷೇರು ಕೊಂಡಿದ್ದಾಳೆ. ಆಪಲ್ ಕಂಪನಿಯ ಷೇರುದಾರರ ಪುಸ್ತಕದಲ್ಲಿ ಅವಳ ಹೆಸರಿರುವುದಿಲ್ಲ. ಬ್ರೋಕರ್ ಹೆಸರೂ ಇರುವುದಿಲ್ಲ. ಇರುವುದು ಸೀಡ್ ಆಂಡ್ ಕಂಪನಿ ಅನ್ನುವ ಹೆಸರು.

ಇದಕ್ಕೆ ಕಾರಣ ಕಾಗದ. 1960ರ ದಶಕದ ಕೊನೆಗೆ ನ್ಯೂಯಾರ್ಕ್ ಷೇರು ಪೇಟೆಯಲ್ಲಿ ವಹಿವಾಟು ಎಷ್ಟು ಏರಿತೆಂದರೆ ಸರ್ಟಿಫಿಕೇಟುಗಳನ್ನು ಒಬ್ಬರಿಂದ ಒಬ್ಬರಿಗೆ ಮುಟ್ಟಿಸುವುದೇ ಆಗದ ಮಾತಾಯಿತು. 1968ರಲ್ಲಿ ಬಾಕಿ ಕಾಗದ ಮುಗಿಸಲಿಕ್ಕಾಗಿಯೇ ಬುಧವಾರ ಪೇಟೆ ಮುಚ್ಚುತ್ತಿದ್ದರು. 1973ರಲ್ಲಿ ಡಿಟಿಸಿ ಅನ್ನುವ ಡಿಪಾಸಿಟರಿ ಬಂತು. ಎಲ್ಲ ಸರ್ಟಿಫಿಕೇಟೂ ಒಂದೇ ಕಡೆ, ಅದರ ನಾಮಧಾರಿ ಸಂಸ್ಥೆ ಸೀಡ್ ಹೆಸರಿನಲ್ಲಿ. ಆಮೇಲೆ ಬದಲಾಗುವುದು ಲೆಕ್ಕಪುಸ್ತಕದ ಸಾಲುಗಳು ಮಾತ್ರ. ಡಿಟಿಸಿಯ ಪುಸ್ತಕದಲ್ಲಿ ಬ್ರೋಕರ್, ಬ್ರೋಕರ್ ಪುಸ್ತಕದಲ್ಲಿ ನಿಮ್ಮ ತಂಗಿ.

ಪದ್ಧತಿ ಚೆನ್ನಾಗಿ ಓಡುತ್ತದೆ, ಒಮ್ಮೊಮ್ಮೆ ಎಡವುತ್ತದೆ. ಡೋಲ್ ಅನ್ನುವ ಹಣ್ಣಿನ ಕಂಪನಿಯ ಷೇರುದಾರರಿಗೆ ಪರಿಹಾರ ಹಂಚುವ ಪ್ರಕರಣದಲ್ಲಿ ಇದು ಹೊರಬಿತ್ತು. ಇದ್ದದ್ದು ಸುಮಾರು 3.7 ಕೋಟಿ ಷೇರು. ನಮ್ಮ ಹತ್ತಿರ ಇದೆ ಅಂತ ಕ್ಲೇಮು ಬಂದದ್ದು ಸುಮಾರು 4.9 ಕೋಟಿಗೆ. ಯಾರೂ ಸುಳ್ಳು ಹೇಳಿರಲಿಲ್ಲ. ಮೇಲಿನ ಮೆಟ್ಟಿಲಿನ ಪುಸ್ತಕಕ್ಕೂ ಕೆಳಗಿನ ಮೆಟ್ಟಿಲಿನ ಪುಸ್ತಕಕ್ಕೂ ತಾಳೆ ಇರಲಿಲ್ಲ, ಅಷ್ಟೇ. 2017ರಲ್ಲಿ ಡೆಲವೇರ್ ನ್ಯಾಯಾಧೀಶರು ತಲೆ ಚಚ್ಚಿಕೊಳ್ಳದೆ, ಡಿಟಿಸಿ ಮೂಲಕ ಮೇಲಿಂದ ಕೆಳಗೆ ಹಂಚಿ ಅಂದರು.

ಹಾಗಾದರೆ ತಂಗಿಯ ಹತ್ತಿರ ಇರುವುದು ಏನು? ಯುಸಿಸಿಯ 8ನೇ ಅಧ್ಯಾಯ 1994ರಲ್ಲಿ ಇದಕ್ಕೊಂದು ಹೆಸರು ಇಟ್ಟಿತು, ಸೆಕ್ಯುರಿಟಿ ಎಂಟೈಟಲ್‌ಮೆಂಟ್. ಶಿರಸಿಯ ಕಡೆಯವರಿಗೆ ಹೀಗೆ ಹೇಳಬಹುದು. ಗೋದಾಮಿನಲ್ಲಿ ನಿಮ್ಮ 50 ಚೀಲ ಅಡಿಕೆ ಇಟ್ಟಿದ್ದೀರಿ. ಎಲ್ಲರ ಅಡಿಕೆಯೂ ಒಂದೇ ರಾಶಿ. ಇದೇ ನನ್ನ ಚೀಲ ಅಂತ ಬೆರಳು ಮಾಡುವ ಹಾಗಿಲ್ಲ, ರಾಶಿಯಲ್ಲಿ 50 ಚೀಲದ ಪಾಲು ನಿಮ್ಮದು. ಗೋದಾಮಿನ ಯಜಮಾನ ದಿವಾಳಿಯಾದರೆ ಅವನಿಗೆ ಮಾಮೂಲಿ ಸಾಲ ಕೊಟ್ಟವರು ಆ ರಾಶಿ ಮುಟ್ಟುವಂತಿಲ್ಲ. ಎಷ್ಟು ಚೀಲ ಬರೆದುಕೊಂಡಿದ್ದಾನೋ ಅಷ್ಟು ಇಟ್ಟಿರಲೇಬೇಕು. ನಿಮ್ಮನ್ನು ಕೇಳದೆ ಅಡವಿಡುವಂತಿಲ್ಲ. ಇಲ್ಲಿಗೆ ಎಲ್ಲ ಸರಿ.

ಅವನು ಕಳ್ಳತನದಲ್ಲಿ ಅಡವಿಟ್ಟೇಬಿಟ್ಟರೆ? ಸಾಲ ಕೊಟ್ಟ ಬ್ಯಾಂಕು ಗೋದಾಮಿನ ಕೀಲಿ ತನ್ನ ಕೈಗೆ ತೆಗೆದುಕೊಂಡಿದ್ದರೆ? ರಾಶಿ ಎಲ್ಲರಿಗೂ ಸಾಲದೆ ಹೋದಾಗ ಕೀಲಿ ಹಿಡಿದ ಬ್ಯಾಂಕಿಗೆ ಮೊದಲು, ಚೀಲ ಇಟ್ಟವರಿಗೆ ಆಮೇಲೆ. 8-511 ಅನ್ನುವ ಕಲಮು ಹೇಳುವುದು ಇದನ್ನೇ. ಡಿಟಿಸಿಯಂಥ ಕ್ಲಿಯರಿಂಗ್ ಸಂಸ್ಥೆಯೇ ಕುಸಿದರೆ ಕೀಲಿಯೂ ಬೇಡ, ಆ ಷೇರು ಅಡವಿಟ್ಟುಕೊಂಡು ಸಾಲ ಕೊಟ್ಟವರೇ ಮುಂದೆ.

2023ರ ಕೊನೆಯಿಂದ ಇದು ಯೂಟ್ಯೂಬಿನಲ್ಲಿ ಹಬ್ಬಿತು. ದೊಡ್ಡ ಕುಸಿತದ ದಿನ ದೊಡ್ಡ ಬ್ಯಾಂಕುಗಳು ಜನರ ಷೇರನ್ನೆಲ್ಲ ನುಂಗುತ್ತವೆ, ಅದಕ್ಕಾಗಿಯೇ ಗುಟ್ಟಾಗಿ ಈ ಕಾನೂನು ಮಾಡಿಟ್ಟಿದ್ದಾರೆ ಅನ್ನುವ ವಾದ. ಸೌತ್ ಡಕೋಟ ಸೇರಿ ಕೆಲವು ರಾಜ್ಯಗಳಲ್ಲಿ ಆ ಕಲಮು ತಿದ್ದುವ ಮಸೂದೆಗಳೂ ಬಂದವು.

ಗುಟ್ಟು ಅನ್ನೋದು ಸುಳ್ಳು. 1994ರಿಂದ ಎಲ್ಲರೂ ಓದುವ ಹಾಗೆ ಅಚ್ಚಿನಲ್ಲೇ ಇದೆ, ಕಾರಣವನ್ನೂ ಕೊಟ್ಟಿದ್ದಾರೆ. ದಿನವೂ ಸಾವಿರಾರು ಕೋಟಿ ಸಾಲ ಓಡಾಡುವ ಪೇಟೆಯಲ್ಲಿ ಪ್ರತಿ ಚೀಲದ ಹಿಂದೆ ಯಾರಿದ್ದಾರೆ ಅಂತ ಸಾಲ ಕೊಡುವವರು ಹುಡುಕುತ್ತ ಕೂತರೆ ಪೇಟೆಯೇ ನಿಲ್ಲುತ್ತದೆ. ಹೂಡಿಕೆದಾರರನ್ನು ಕಾಯಲು ಬೇರೆ ಕಾವಲಿದೆ. ಗ್ರಾಹಕರ ಷೇರು ಬೇರೆ ಇಡಬೇಕೆಂಬ ಕೇಂದ್ರದ ನಿಯಮ, 1970ರ ಕಾಯ್ದೆಯಿಂದ ಬಂದ, ಬ್ರೋಕರ್ ಮುಳುಗಿದರೆ ಗ್ರಾಹಕರಿಗೆ ತುಂಬಿಕೊಡುವ ಎಸ್‌ಐಪಿಸಿ ರಕ್ಷಣೆ, ಒಬ್ಬರಿಗೆ 5 ಲಕ್ಷ ಡಾಲರ್ ತನಕ. 2008ರಲ್ಲಿ ಲೇಮನ್ ಬ್ರದರ್ಸ್ ಬಿದ್ದಾಗ ಅದರ ಬ್ರೋಕರ್ ಶಾಖೆಯ ಗ್ರಾಹಕರಿಗೆ ಕೊನೆಗೆ ಪೂರ್ತಿ ಸಿಕ್ಕಿತು. ವರ್ಷಗಳು ಹಿಡಿದವು, ಆದರೂ ಸಿಕ್ಕಿತು.

ಆದರೂ ಪ್ರಶ್ನೆಯನ್ನೇ ಹುಚ್ಚರ ಮಾತು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಸ್‌ಐಪಿಸಿಯ ನಿಧಿ ಕೆಲವು ನೂರು ಕೋಟಿ ಡಾಲರಿನದು. ದೊಡ್ಡ ಬ್ರೋಕರ್ ಒಬ್ಬರ ಪುಸ್ತಕದ ಮುಂದೆ ಅದು ಉಪ್ಪಿನಕಾಯಿಯಷ್ಟು. ಕಾವಲುಗಾರ ಗಟ್ಟಿ ಇದ್ದಾನೆ ಅಂತ ಬಾಗಿಲಿನ ಚಿಲಕ ಸಡಿಲ ಇಡಬಹುದಾ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಆದರೆ ಆ ಮಸೂದೆಗಳಿಂದ ಚಿಲಕ ಬಿಗಿಯಾಗುವುದಿಲ್ಲ. ಯಾವ ರಾಜ್ಯದ ಕಾನೂನು ಅನ್ವಯ ಅನ್ನೋದನ್ನು ಬ್ರೋಕರ್ ಜೊತೆಗಿನ ಖಾತೆ ಕರಾರೇ ತೀರ್ಮಾನಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು ನ್ಯೂಯಾರ್ಕ್. ಸೌತ್ ಡಕೋಟದ ಶಾಸಕರು ತಮ್ಮ ಪುಸ್ತಕ ಎಷ್ಟು ತಿದ್ದಿದರೂ ಅವರ ಮತದಾರರ ಖಾತೆ ಓಡುವುದು ಬೇರೆ ಪುಸ್ತಕದ ಮೇಲೆ.

ನಮ್ಮಲ್ಲಿ ಮೆಟ್ಟಿಲು ಕಡಿಮೆ. 1996ರ ಡಿಪಾಸಿಟರಿ ಕಾಯ್ದೆಯ ಪ್ರಕಾರ ನಮ್ಮ ಎರಡು ಡಿಪಾಸಿಟರಿಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಲ್ಲೇ ನಿಮ್ಮ ಹೆಸರಿನ ಡಿಮ್ಯಾಟ್ ಖಾತೆ ಇರುತ್ತದೆ. ಬ್ರೋಕರ್ ನಡುವಿನವನು. ಹಾಗಾದರೆ ನಾವು ಸೇಫ್ ಅಂತ ಬೀಗುವ ಮುಂಚೆ ಹೈದರಾಬಾದಿನ ಬ್ರೋಕರ್ ಕಂಪನಿ ಕಾರ್ವಿಯನ್ನು ನೆನಪಿಸಿಕೊಳ್ಳಬೇಕು. ಖಾತೆ ಗ್ರಾಹಕರ ಹೆಸರಲ್ಲೇ ಇತ್ತು. ಆದರೆ ಖಾತೆ ತೆರೆದ ದಿನವೇ ಅವರು ಬ್ರೋಕರ್‌ಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಹೆಸರು ಇವರದ್ದು, ಕೀಲಿ ಅವರದ್ದು. ಕಾರ್ವಿ ಷೇರುಗಳನ್ನು ತನ್ನ ಖಾತೆಗೆ ಸರಿಸಿ ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ಎತ್ತಿತು. 2019ರ ನವೆಂಬರ್ 22ರಂದು ಸೆಬಿ ತಡೆ ಹಾಕಿತು. ಡಿಸೆಂಬರ್ ಮೊದಲ ವಾರದಲ್ಲಿ ಎನ್‌ಎಸ್‌ಡಿಎಲ್ ಸುಮಾರು 82 ಸಾವಿರ ಗ್ರಾಹಕರ ಷೇರುಗಳನ್ನು ಅವರವರ ಖಾತೆಗೆ ವಾಪಸ್ ಹಾಕಿತು. ಅಡವಿಟ್ಟುಕೊಂಡಿದ್ದ ಬ್ಯಾಂಕುಗಳು ಕೂಗಾಡಿದವು, ನಾವು ನಂಬಿ ಸಾಲ ಕೊಟ್ಟಿದ್ದೇವೆ, ನಮ್ಮ ಅಡವು ಎಲ್ಲಿ? ಮೇಲ್ಮನವಿ ನ್ಯಾಯಮಂಡಳಿಯಲ್ಲಿ 2023ರ ಡಿಸೆಂಬರ್‌ನಲ್ಲಿ ಅವುಗಳ ಪರವಾಗಿ ಆದೇಶವೂ ಬಂತು.

ಗೋದಾಮಿನ ಪ್ರಶ್ನೆಯೇ ಇದು, ಹೈದರಾಬಾದಿನ ವಿಳಾಸದಲ್ಲಿ. ಅಮೆರಿಕ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿದೆ, ಹೂಡಿಕೆದಾರರಿಗೆ ಅದು ಇಷ್ಟವಾಗದಿರಬಹುದು. ನಮ್ಮಲ್ಲಿ ನಿಯಂತ್ರಕರು ಜನರ ಪರ ಕೈ ಹಾಕಿದರು, ಆಮೇಲೆ ಕಾನೂನು ಏನು ಅಂತ ನ್ಯಾಯಮಂಡಳಿಯಲ್ಲಿ ಹುಡುಕಿದರು. ಸೆಬಿ ಕಲಿತ ಪಾಠ ಮಾತ್ರ ಒಳ್ಳೆಯದು. 2020ರ ಸೆಪ್ಟೆಂಬರ್ 1ರಿಂದ, ವಹಿವಾಟಿನ ಭದ್ರತೆಗೆ, ಅಂದರೆ ಮಾರ್ಜಿನ್‌ಗೆ ಷೇರು ಕೊಡಬೇಕಾದರೆ ಅದು ನಿಮ್ಮ ಖಾತೆಯಲ್ಲೇ ಇದ್ದು ಅಡವಾಗಬೇಕು, ನಿಮ್ಮ ಫೋನಿಗೆ ಡಿಪಾಸಿಟರಿಯಿಂದ ಒಟಿಪಿ ಬರಬೇಕು. ಕೀಲಿಯನ್ನು ಹೆಸರಿನವರ ಕೈಗೇ ವಾಪಸ್ ಕೊಟ್ಟಿತು.

ಅಮೆರಿಕದಲ್ಲೂ ಮೆಟ್ಟಿಲು ತಪ್ಪಿಸುವ ದಾರಿ ಇದೆ, ಬಳಸುವವರು ಕಡಿಮೆ. ಡಿಆರ್‌ಎಸ್ ಅನ್ನುವ ನೇರ ನೋಂದಣಿ ವ್ಯವಸ್ಥೆಯ ಮೂಲಕ ಕಂಪನಿಯ ಪುಸ್ತಕದಲ್ಲೇ ನಿಮ್ಮ ಹೆಸರು ಬರೆಸಿಕೊಳ್ಳಬಹುದು. 2021ರಲ್ಲಿ ಷೇರು ಬೆಲೆಯ ಗದ್ದಲ ಆದ ನಂತರ, ವಿಡಿಯೊ ಗೇಮ್ ಮಾರುವ ಕಂಪನಿ ಗೇಮ್‌ಸ್ಟಾಪ್‌ನ ಸಣ್ಣ ಹೂಡಿಕೆದಾರರು ಹಟ ಹಿಡಿದು ಹೀಗೆ ಮಾಡಿದರು. 2023ರ ಹೊತ್ತಿಗೆ ಕಂಪನಿಯ ಸುಮಾರು ಕಾಲು ಭಾಗ ಷೇರು ಸೀಡ್ ಹೆಸರಿನಿಂದ ಹೊರಗೆ ಬಂದಿತ್ತು. ಮಾರುವಾಗ ತಡವಾಗುತ್ತದೆ, ಅದು ಅದರ ಬೆಲೆ.

ಅಷ್ಟು ಹಟ ಎಲ್ಲರಿಗೂ ಬೇಕಿಲ್ಲ. ತಂಗಿ ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: ನಿನ್ನದು ಕ್ಯಾಶ್ ಖಾತೆಯೋ, ಮಾರ್ಜಿನ್ ಖಾತೆಯೋ? ಮಾರ್ಜಿನ್ ಅಂದರೆ ಬ್ರೋಕರ್ ಹತ್ತಿರ ಸಾಲ ಪಡೆದು ಷೇರು ಕೊಳ್ಳುವ ಖಾತೆ. ಅದರಲ್ಲಿ ಸಾಲ ಇರುವ ತನಕ, ಆ ಸಾಲದ ಶೇ 140ರಷ್ಟು ಬೆಲೆಯ ಷೇರುಗಳನ್ನು ಬ್ರೋಕರ್ ಬೇರೆಯವರ ಹತ್ತಿರ ಅಡವಿಡಲು ನಿಯಮವೇ ಬಿಡುತ್ತದೆ. ಅದಕ್ಕೆ ಒಪ್ಪಿಗೆ ಖಾತೆ ತೆರೆಯುವಾಗ ಒಂದು ಚೌಕದಲ್ಲಿ ಟಿಕ್ ಹಾಕಿದಾಗಲೇ ಕೊಟ್ಟಾಗಿರುತ್ತದೆ. ಕ್ಯಾಶ್ ಖಾತೆಯಲ್ಲಿ ಪೂರ್ತಿ ಹಣ ಕೊಟ್ಟು ಕೊಂಡ ಷೇರನ್ನು ಹಾಗೆ ಅಡವಿಡುವಂತಿಲ್ಲ. ಬಾಕಿ ಏನೂ ಇಲ್ಲದಿದ್ದರೆ ಒಂದು ಮೇಲ್ ಬರೆದು ಖಾತೆ ಬದಲಿಸಲು ಕೇಳಬಹುದು. ಯಾವ ಖಾತೆ ಅಂತ ಅವಳಿಗೂ ಗೊತ್ತಿರಲಿಕ್ಕಿಲ್ಲ. ಸ್ಟೇಟ್‌ಮೆಂಟಿನ ಮೇಲೆ ಸಾಮಾನ್ಯವಾಗಿ ಬರೆದಿರುತ್ತಾರೆ, ನೋಡಲು ಹೇಳಿ.